ಪ್ರೊಪೆಲ್ಲರಿಗೆ ಹೊಲಿದ ಲಂಗ

ಮೂವತ್ತೊಂದು ವರ್ಷ ಒಬ್ಬ ಮನುಷ್ಯ ದೋಣಿಗಳ ಕೆಳಗೆ ಮುಳುಗಿ ಚಿಪ್ಪು ಹೆರೆದರೆ ಅವನಿಗೆ ಎರಡು ಸಂಪಾದನೆ: ಒಂದು ಅಡ್ಡಹೆಸರು, ಇನ್ನೊಂದು ಕಿವಿನೋವು. ಹೆರೆಯಣ್ಣನಿಗೆ ಎರಡೂ ಧಾರಾಳವಾಗಿ ಸಿಕ್ಕಿದ್ದವು. ಅವನ ನಿಜವಾದ ಹೆಸರು ಹೆಂಡತಿಗೆ ಗೊತ್ತಿತ್ತು. ಆದರೆ ಅವಳು ಅವನನ್ನು 'ರೀ' ಎಂದೇ ಕರೆಯುತ್ತಿದ್ದುದರಿಂದ ಆ ಹೆಸರು ಯಾರ ಉಪಯೋಗಕ್ಕೂ ಬಾರದೆ ಮಡಿಕೆ ಮುರಿಯದ ಅಂಗಿಯ ಹಾಗೆ ಉಳಿದಿತ್ತು.

ಹಾಯಿದೋಣಿ ಗಾಳಿಯಲ್ಲಿ ಓಡುವುದಲ್ಲವೇ, ಅದಕ್ಕೆ ಇಂಜಿನ್ನು ಯಾಕೆ ಎಂದು ಕೇಳುವವರು ಉಂಟು. ಗಾಳಿ ಯಾರ ಮಾತೂ ಕೇಳುವುದಿಲ್ಲ, ಅದಕ್ಕೆ. ಬಂದರಿನ ಇಕ್ಕಟ್ಟಿನಿಂದ ಹೊರಗೆ ಹೋಗಲು, ಮರಳಿ ಬಂದಾಗ ಪಕ್ಕದವರ ದೋಣಿಗೆ ಗುದ್ದದೆ ನಿಲ್ಲಿಸಲು ಒಂದು ಸಣ್ಣ ಇಂಜಿನ್ನು ಬೇಕೇ ಬೇಕು. ಅದರಿಂದ ಹೊರಟ ಉಕ್ಕಿನ ಶಾಫ್ಟು ದೋಣಿಯ ತಳ ತೂರಿ ನೀರಿಗೆ ಬರುತ್ತದೆ. ತುದಿಯಲ್ಲಿ ಮೂರು ಎಲೆಯ ಕಂಚಿನ ಪ್ರೊಪೆಲ್ಲರು. ದೋಣಿಯ ಹೊಟ್ಟೆಗಾದರೆ ವಿಷದ ಬಣ್ಣ ಬಳಿದು ಸಮುದ್ರದ ಜೀವಿಗಳನ್ನು ದೂರ ಇಡಬಹುದು. ಗರಗರ ತಿರುಗುವ ಪ್ರೊಪೆಲ್ಲರಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಈ ಗುಟ್ಟು ಚಿಪ್ಪುಗಳಿಗೆ ಚೆನ್ನಾಗಿ ಗೊತ್ತು.

ಚಿಪ್ಪಿನ ಮರಿ ಸಾಸಿವೆಗಿಂತ ಸಣ್ಣದು. ಈಜಿಕೊಂಡು ಬಂದು, ಜಾಗ ನೋಡಿ, ತಲೆಯನ್ನು ಕೆಳಗೆ ಊರಿ, ಅಂಟು ಸುರಿಸಿ, ಮೈಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು ಕೂತಿತೆಂದರೆ ಮುಗಿಯಿತು. ಸಾಯುವ ತನಕ ತಲೆಕೆಳಗಾಗಿ ನಿಂತು, ಕಾಲಿನಿಂದ ಬಾಚಿಕೊಂಡು ತಿನ್ನುತ್ತದೆ. ಸತ್ತ ಮೇಲೂ ಮನೆ ಖಾಲಿ ಮಾಡುವುದಿಲ್ಲ. ಇಂಥವು ಇನ್ನೂರು ಸೇರಿದರೆ ಇಂಜಿನ್ನು ಎಷ್ಟು ಬೊಬ್ಬೆ ಹೊಡೆದರೂ ದೋಣಿ ನಿಂತಲ್ಲೇ ನಿಂತು ಯೋಚನೆ ಮಾಡುತ್ತದೆ. ಹೆರೆಯಣ್ಣ ಕೆಲಸ ಮಾಡುತ್ತಿದ್ದ ಬಂದರಿನ ಯಾರ್ಡಿನಲ್ಲಿ ದೋಣಿಗಳ ಮಾಲೀಕರೋ ವರ್ಷಕ್ಕೆ ಎರಡು ಸಲ ಬರುವವರು. ಉಳಿದ ದಿನವೆಲ್ಲ ದೋಣಿಗಳು ಸುಮ್ಮನೆ ತೇಲುತ್ತ ಚಿಪ್ಪುಗಳಿಗೆ ಮನೆ ಕೊಡುತ್ತಿದ್ದವು. ಹೆರೆಯಣ್ಣ ಉಸಿರು ಕಟ್ಟಿ ಮುಳುಗುವುದು, ಚಪ್ಪಟೆ ಉಳಿಯಿಂದ ಹೆರೆಯುವುದು, ಮೇಲೆ ಬಂದು ಉಸಿರು ಎಳೆದುಕೊಂಡು ಚಿಪ್ಪುಗಳ ವಂಶಕ್ಕೆಲ್ಲ ಬೈಯುವುದು, ಮತ್ತೆ ಮುಳುಗುವುದು. ಇದೇ ಅವನ ಉದ್ಯೋಗ, ಇದೇ ಅವನ ಹೆಮ್ಮೆ.

ಬಲಗಿವಿ ಹತ್ತು ವರ್ಷದ ಹಿಂದೆಯೇ ಕೆಲಸ ಬಿಟ್ಟಿತ್ತು. ಈಗ ಎಡಗಿವಿಯ ತಮಟೆಯಲ್ಲೂ ತೂತು. ಕಿವಿಯ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಇನ್ನೊಂದು ವರ್ಷ ನೀರಿಗಿಳಿದರೆ ಎಡಗಿವಿಯೂ ಬಲಗಿವಿಯ ದಾರಿ ಹಿಡಿಯುತ್ತದೆ, ಕೆಲವು ತಿಂಗಳು ಒಣಗಿಸಿ ಇಟ್ಟರೆ ತೂತು ತಾನಾಗಿ ಮುಚ್ಚಿಕೊಂಡರೂ ಮುಚ್ಚಿಕೊಂಡೀತು ಎಂದರು. ಹೆರೆಯಣ್ಣನಿಗೆ ಕೇಳಿಸಿದ್ದು ಅರ್ಧ. ಪಕ್ಕದಲ್ಲಿ ಕೂತ ಹೆಂಡತಿಗೆ ಪೂರ್ತಿ ಕೇಳಿಸಿತು. ಸಂಸಾರದಲ್ಲಿ ಇಂಥ ಕಡೆಯೇ ಗಂಡಸರು ಸೋಲುವುದು.

ಹೆಂಡತಿ ಟೈಲರು. ಮನೆಯ ಮುಂದಿನ ಕೋಣೆಯಲ್ಲಿ ಕಾಲುಮಿಷನ್ನು ಇಟ್ಟುಕೊಂಡು ಬೀದಿಯವರ ಲಂಗ, ಪ್ಯಾಂಟು, ಕಿಟಕಿಯ ಪರದೆ ಹೊಲಿಯುತ್ತಿದ್ದಳು. ಟೈಲರಮ್ಮ ಎಂದೇ ಎಲ್ಲರಿಗೂ ಪರಿಚಯ. ಇನ್ನು ನೀರಿಗಿಳಿಯುವುದು ಬೇಡ ಎಂದು ಅವಳು ಒಂದು ವಾರ ಹೇಳಿದಳು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತಾಯಿತು, ಅದೂ ಅಕ್ಷರಶಃ. ಎಂಟನೆಯ ದಿನ ಅವಳು ಅವನ ಎಡಗಡೆ ಬಂದು ನಿಂತಳು.

"ನಾನು ಇಳೀದಿದ್ರೆ ಚಿಪ್ಪು ತೆಗೆಯೋರು ಯಾರು?" ಎಂದ ಹೆರೆಯಣ್ಣ.

"ಚಿಪ್ಪು ಬರದ ಹಾಗೆ ಮಾಡಿದ್ರೆ?"

ಹೆರೆಯಣ್ಣ ನಕ್ಕ. ಆ ಪ್ರಯತ್ನಗಳೆಲ್ಲ ಯಾರ್ಡಿನಲ್ಲಿ ಆಗಿಹೋಗಿದ್ದವು. ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ ಗ್ರೀಸು ಬಳಿದು ನೋಡಿದ್ದರು. ಪ್ರೊಪೆಲ್ಲರಿಗಿಂತ ಬಳಿದವರ ಕೈಗೇ ಅದು ಹೆಚ್ಚು ದಿನ ಅಂಟಿಕೊಂಡಿತ್ತು. ಯಾರೋ ಹೇಳಿದರೆಂದು ಬಣ್ಣಕ್ಕೆ ಮೆಣಸಿನಪುಡಿ ಬೆರೆಸಿದ್ದರು. ಹೆರೆಯಣ್ಣ ಎರಡು ದಿನ ಸೀನಿದ, ಚಿಪ್ಪುಗಳು ಮಾತ್ರ ನೆಂಟರಿಷ್ಟರನ್ನೂ ಕರೆದುಕೊಂಡು ಬಂದವು. ಮಕ್ಕಳ ತೊಡೆ ಕೆಂಪಾದರೆ ಹಚ್ಚುವ ಬಿಳಿ ಮುಲಾಮು ಒಳ್ಳೆಯದೆಂದು ಹಲ್ಲಿನ ಡಾಕ್ಟರು ಎಲ್ಲೋ ಓದಿ ಬಂದು ಒಂದೇ ಅಂಗಡಿಯಲ್ಲಿ ನಲವತ್ತು ಟ್ಯೂಬು ಕೊಂಡಿದ್ದರು. ಅಂಗಡಿಯಾಕೆ ಎಷ್ಟು ಮಕ್ಕಳು ಎಂದು ಕೇಳಿದ್ದಕ್ಕೆ, ಮೂರು ಎಲೆ ಎಂದು ಉತ್ತರ ಕೊಟ್ಟು ಬಂದಿದ್ದರು. ಈ ಹಲ್ಲಿನ ಡಾಕ್ಟರದು ಯಾರ್ಡಿನಲ್ಲಿ ಒಂದು ನೀಲಿ ಹಾಯಿದೋಣಿ. ದಿನವಿಡೀ ಇತರರ ಹಲ್ಲಿನ ಪಾಚಿ ಹೆರೆಯುವವರಾದ್ದರಿಂದ ಹೆರೆಯಣ್ಣನನ್ನು ಕಂಡರೆ ಅವರಿಗೆ ಒಂದೇ ಕಸುಬಿನವನೆಂಬ ಅಕ್ಕರೆ.

ಟೈಲರಮ್ಮ ಬೇರೆ ದಾರಿ ಹಿಡಿದಳು. ಚಿಪ್ಪಿಗೆ ಏನು ಬೇಕು ಎಂದು ಗಂಡನನ್ನೇ ಕೇಳಿದಳು. ಹೊಸ ನೀರು, ಬೆಳಕು, ಕೂರಲು ಗಟ್ಟಿ ಜಾಗ ಎಂದು ಅವನು ಪಂಡಿತನ ಗತ್ತಿನಲ್ಲಿ ವಿವರಿಸಿದ. ಮೂರನ್ನೂ ತಪ್ಪಿಸುವ ವಸ್ತುವನ್ನು ಅವಳು ಮೂವತ್ತು ವರ್ಷದಿಂದ ಹೊಲಿಯುತ್ತಲೇ ಇದ್ದಳು: ಲಂಗ. ದಪ್ಪ ಕಪ್ಪು ರಬ್ಬರು ಬಟ್ಟೆ ತಂದು, ಕೆಳಗೆ ಮುಚ್ಚಿದ, ಮೇಲೆ ಲಾಡಿ ಇರುವ ಒಂದು ಲಂಗವನ್ನು ಪ್ರೊಪೆಲ್ಲರಿಗೂ, ಕೊಕ್ಕೆ ಹಾಕಿ ಬಿಗಿಯುವ ಒಂದು ತೋಳನ್ನು ಶಾಫ್ಟಿಗೂ ಹೊಲಿದಳು. ಕ್ರೇನಿನಲ್ಲಿ ದೋಣಿ ನೇತಾಡುತ್ತಿರುವಾಗಲೇ ತೊಡಿಸಿ, ನೀರಿಗಿಳಿಸಿ, ಹಗ್ಗದಲ್ಲಿ ಎಳೆದು ಜಾಗಕ್ಕೆ ಕಟ್ಟುವುದು. ಲಂಗ, ತೋಳು ಎರಡರಿಂದಲೂ ಬಂದ ಒಂದೇ ಉದ್ದ ದಾರದ ತುದಿ, ಮರೆತು ಇಂಜಿನ್ನು ಶುರು ಮಾಡದ ಹಾಗೆ, ದೋಣಿಯ ಮೇಲಿನ ಇಂಜಿನ್ ಕೀಲಿಗೆ ಕಟ್ಟಿರುತ್ತದೆ. ಮಾಲೀಕರು ಬಂದು ದಾರ ಜಗ್ಗಿದರೆ ಎರಡೂ ಕಳಚಿ ಮೇಲೆ ಬರುತ್ತವೆ. ಯಾರೂ ನೀರಿಗಿಳಿಯಬೇಕಾದ ಪ್ರಮೇಯವೇ ಇಲ್ಲ.

ಅಳತೆ ತೆಗೆಯಲು ಅವಳು ಟೇಪು ಹಿಡಿದು ಯಾರ್ಡಿಗೆ ಬಂದು ಪ್ರೊಪೆಲ್ಲರಿನ ಸುತ್ತಳತೆ ಬರೆದುಕೊಂಡಾಗ ಕ್ರೇನು ನಡೆಸುವ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆ ಯಾವಾಗ, ಗಂಡು ಯಾವ ದೋಣಿ ಎಂದು ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು. ಹೆರೆಯಣ್ಣನೂ ನಕ್ಕ, ಆಮೇಲೆ ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

"ಮೂರು ತಿಂಗಳು," ಎಂದಳು ಟೈಲರಮ್ಮ, ಎಲ್ಲರಿಗೂ ಕೇಳುವ ಹಾಗೆ. "ಡಾಕ್ಟರ ದೋಣಿಗೆ ಹಾಕೋಣ. ಒಂದೇ ಒಂದು ಚಿಪ್ಪು ಬಂದ್ರೂ ಇವರು ಸಾಯೋ ತನಕ ನೀರಿಗಿಳೀಲಿ, ನಾನು ಬಾಯಿ ಬಿಡಲ್ಲ. ಬರದಿದ್ರೆ ಇವರು ಇನ್ನು ನೀರು ಮುಟ್ಟೋದು ಸ್ನಾನಕ್ಕೆ ಮಾತ್ರ."

ಹಲ್ಲಿನ ಡಾಕ್ಟರು ಒಪ್ಪಿದರು. ಲಂಗ ತೊಟ್ಟ ನೀಲಿ ದೋಣಿ ನೀರಿಗಿಳಿಯಿತು.

ಈಗ ಹೆರೆಯಣ್ಣನ ಸಂಕಟ ನೋಡಿ. ಲಂಗ ಸೋತರೆ ಅವನಿಗೆ ಕೆಲಸ ಉಳಿಯುತ್ತದೆ, ಹೆಂಡತಿಯ ಮಾನ ಹೋಗುತ್ತದೆ. ಲಂಗ ಗೆದ್ದರೆ ಹೆಂಡತಿಯ ಮಾನ ಉಳಿಯುತ್ತದೆ, ಅವನ ಕೆಲಸ ಹೋಗುತ್ತದೆ. ಹತ್ತು ದಿನ ಅವನು ದೋಣಿ ಕಟ್ಟುವ ಜೆಟ್ಟಿಯ ಮೇಲೆ ಅತ್ತಿಂದಿತ್ತ ಓಡಾಡಿದ. ಮೇಸ್ತ್ರಿಯೋ ಎದುರು ಸಿಕ್ಕಾಗಲೆಲ್ಲ ನೀಲಿ ದೋಣಿಯ ಕಡೆ ತೋರಿಸಿ, ಬಾಣಂತಿ ಹೇಗಿದ್ದಾಳೆ ಎಂದು ಕೇಳುತ್ತಿದ್ದ. ತನ್ನನ್ನು ಕಂಡು ನಗುವವರನ್ನು ಹೆರೆಯಣ್ಣ ಮೂವತ್ತೊಂದು ವರ್ಷ ಸಹಿಸಿದ್ದ. ಹೆಂಡತಿಯನ್ನು ಕಂಡು ನಗುವವರನ್ನು ಹತ್ತು ದಿನವೂ ಸಹಿಸಲಾಗಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ, ಯಾರ್ಡಿನವರೆಲ್ಲ ಊಟಕ್ಕೆ ಹೋದಾಗ, ಬರೀ ನೋಡಿ ಬರೋಣವೆಂದು ನೀರಿಗಿಳಿದ.

ಲಾಡಿ ಸಡಿಲಿಸಿ ಒಳಗೆ ಇಣುಕಿದ. ಪ್ರೊಪೆಲ್ಲರು ಥಳಥಳ ಹೊಳೆಯುತ್ತಿತ್ತು. ಆದರೆ ಮೂವತ್ತೊಂದು ವರ್ಷದ ಅನುಭವ ಸುಮ್ಮನಿರುತ್ತದೆಯೇ? ಇನ್ನೊಂದು ವಾರದಲ್ಲಿ ಬಂದೇ ಬರುತ್ತವೆ ಎಂದಿತು. ವಾರ ಬಿಟ್ಟು ಮತ್ತೆ ಬಿಚ್ಚಿ ನೋಡಿದ. ನಾಲ್ಕು ಚಿಪ್ಪುಗಳು, ಅಕ್ಕಿಕಾಳಿನಷ್ಟು. ಪಾಪ, ಇಷ್ಟು ಕಷ್ಟಪಟ್ಟು ಹೊಲಿದಿದ್ದಾಳೆ. ಉಗುರಿನಿಂದಲೇ ಕೆರೆದು ತೆಗೆದು, ಲಾಡಿ ಕಟ್ಟಿ ಮೇಲೆ ಬಂದ. ಮುಂದಿನ ವಾರ ಒಂಬತ್ತು. ಅದರ ಮುಂದಿನ ವಾರ ಹದಿನೇಳು, ತೋಳಿನೊಳಗೆ ಐದು. ನಿಯತ್ತಾಗಿ ಹೆರೆದ.

ಮನೆಯಲ್ಲಿ ಹೇಳಲು ಒಂದು ನೆಪ ಬೇಕಲ್ಲ. ಕ್ಷೌರಕ್ಕೆ ಹೋಗುತ್ತೇನೆ ಎನ್ನುತ್ತಿದ್ದ. ಒದ್ದೆ ತಲೆಯಲ್ಲಿ ಮರಳಿ ಬಂದರೆ, ಕ್ಷೌರದವನು ತಲೆ ತೊಳೆದು ಕಳಿಸಿದ ಎನ್ನುತ್ತಿದ್ದ. ಅವನ ತಲೆಯ ಮೇಲಿದ್ದದ್ದು ಎರಡು ಕಿವಿಯ ಪಕ್ಕ ಒಂದೊಂದು ಚಿಟಿಕೆ ಕೂದಲು. ಮೂರು ತಿಂಗಳಲ್ಲಿ ಹನ್ನೊಂದು ಸಲ ಕ್ಷೌರಕ್ಕೆ ಹೋದರೂ ಆ ಚಿಟಿಕೆ ಚಿಟಿಕೆಯಾಗಿಯೇ ಇತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಹೆಂಡತಿ ಏನೂ ಕೇಳಲಿಲ್ಲ, ಹಾಗಾಗಿ ಅವಳಿಗೆ ಏನೂ ಗೊತ್ತಿಲ್ಲವೆಂದು ಅವನು ತಿಳಿದ. ಈ ತಪ್ಪು ಅವನೊಬ್ಬನೇ ಮಾಡಿದ್ದಲ್ಲ ಬಿಡಿ.

ಮೂರು ತಿಂಗಳಿಗೆ ಸರಿಯಾಗಿ ಮೇಸ್ತ್ರಿ ನೀಲಿ ದೋಣಿಯನ್ನು ಮೇಲೆತ್ತಿದ. ಟೈಲರಮ್ಮ ಲಂಗ ಬಿಚ್ಚಿದಳು. ಪ್ರೊಪೆಲ್ಲರು ಕನ್ನಡಿಯಾಗಿತ್ತು. ಡಾಕ್ಟರು ಅದರಲ್ಲಿ ತಮ್ಮ ಹಲ್ಲು ನೋಡಿಕೊಂಡರು. ಮೇಸ್ತ್ರಿ ಇಂಗು ತಿಂದ ಮಂಗನಂತಾದ. ಹೆಂಡತಿ ತಿರುಗಿ ಗಂಡನನ್ನು ನೋಡಿದಳು, ಅವಳ ಕಣ್ಣಿನಲ್ಲಿ ನೀರಿತ್ತು. ನಿಮ್ಮ ಕಿವಿ ಉಳಿಯಿತು ಎಂದಳು. ಅದು ಅವನಿಗೆ ಕೇಳಿಸಲಿಲ್ಲ, ಯಾಕೆಂದರೆ ಆ ಕಿವಿ ಆಗಲೇ ಸೋರುತ್ತಿತ್ತು.

ಹೆರೆಯಣ್ಣ ಲೆಕ್ಕ ಹಾಕದಿದ್ದ ಸಂಗತಿಯೊಂದು ಅಂದೇ ಸಂಜೆ ಮನೆ ಬಾಗಿಲಿಗೆ ಬಂತು. ಶಾಲೆಯ ಹೆಡ್‌ಮಿಸ್ಸು ಬಂದು ತಮ್ಮ ದೋಣಿಗೂ ಒಂದು ಲಂಗ ಬೇಕೆಂದರು. ಅವರ ಹಿಂದೆ ಇನ್ನೊಬ್ಬರು. ವಾರ ತುಂಬುವುದರೊಳಗೆ ಏಳು ದೋಣಿಗಳು ಲಂಗ ತೊಟ್ಟು ನೀರಿನಲ್ಲಿ ಸಾಲಾಗಿ ನಿಂತವು. ಊರೆಲ್ಲ ಟೈಲರಮ್ಮನನ್ನು ಹೊಗಳಿತು. ಹೆರೆಯಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. ಒಂದು ದೋಣಿಗೆ ವಾರಕ್ಕೊಂದು ಕ್ಷೌರ. ಏಳು ದೋಣಿಗೆ ದಿನಕ್ಕೊಂದು. ಬೋಳುತಲೆಯವನೊಬ್ಬ ದಿನಾ ಕ್ಷೌರಕ್ಕೆ ಹೋದರೆ ಊರು ಏನೆಂದೀತು?

ಆದರೂ ಹೋದ. ಮಾಡಿದ್ದುಣ್ಣೋ ಮಹರಾಯ. ಸಾಲಿನ ಈ ತುದಿಯ ಎರಡು ದೋಣಿಗಳ ಲಂಗಗಳನ್ನು ದಿನ ಬಿಟ್ಟು ದಿನ, ತಲಾ ಮೂರು ಸಲ ಬಿಚ್ಚಿ ಕಟ್ಟುವುದರಲ್ಲಿ ಎಡಗಿವಿ ಬದನೆಕಾಯಿಯಂತೆ ಊದಿಕೊಂಡು, ಜ್ವರ ಏರಿ, ಅವನು ಹಾಸಿಗೆ ಹಿಡಿದ. ಕಿವಿಯ ಡಾಕ್ಟರು ಔಷಧಿ ಹಾಕಿ, ಹತ್ತಿ ತುರುಕಿ, ಮೇಲೆ ಪಟ್ಟಿ ಸುತ್ತಿ, ಮೂರು ತಿಂಗಳು ಒಂದು ಹನಿ ನೀರು ತಾಗಬಾರದು ಎಂದರು. ಜ್ವರ ಇಳಿದ ಮೇಲೆ ಹೆರೆಯಣ್ಣ ಎದ್ದು, ಕ್ಷೌರ ಎಂದ. ಟೈಲರಮ್ಮ ಮಿಷನ್ನಿನಿಂದ ಎದ್ದು ಬಂದು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಎರಡೂ ಚಿಟಿಕೆಗಳನ್ನು ಕಚಕ್ ಕಚಕ್ಕೆಂದು ಕತ್ತರಿಸಿ, ಆಯಿತು, ಕೂತುಕೊಳ್ಳಿ ಎಂದು ಸನ್ನೆ ಮಾಡಿ ಹೋದಳು.

ಆ ಮೂರು ತಿಂಗಳು ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಕಿವಿಯಲ್ಲಿ ಹತ್ತಿ, ಜಗತ್ತೆಲ್ಲ ಮೌನ. ಕಣ್ಣು ಮುಚ್ಚಿದರೆ ಏಳು ಲಂಗಗಳೊಳಗೆ ಚಿಪ್ಪುಗಳು ತಲೆ ಊರಿ ಕಾಲು ಆಡಿಸುತ್ತಿದ್ದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಹೆಂಡತಿಯ ಮಾನವಂತೂ ಕ್ರೇನಿನ ಮೇಲೆ, ಏಳು ಸಲ, ಊರೆಲ್ಲರ ಎದುರು ಹೋಗಲಿತ್ತು. ಒಂದು ಸಲ ಅವಳಿಗೆ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಅವಳು ಎಂಟನೆಯ ಲಂಗಕ್ಕೆ ಲಾಡಿ ಪೋಣಿಸುತ್ತ ಎಷ್ಟು ಖುಷಿಯಾಗಿದ್ದಳೆಂದರೆ, ಆಕಳಿಕೆ ಬಂದವನಂತೆ ನಟಿಸಿ ಬಾಯಿ ಮುಚ್ಚಿದ.

ಹೆಡ್‌ಮಿಸ್ಸಿನ ದೋಣಿ ಎತ್ತುವ ದಿನ ಯಾರ್ಡಿನಲ್ಲಿ ಜನವೋ ಜನ. ಮೇಸ್ತ್ರಿ ಕ್ರೇನಿನ ಮೇಲಿದ್ದ, ಹಲ್ಲಿನ ಡಾಕ್ಟರೂ ಬಂದಿದ್ದರು. ಆ ದೋಣಿಯ ಲಂಗಕ್ಕೆ ಹೆರೆಯಣ್ಣ ಒಂದು ದಿನವೂ ಕೈ ಹಾಕಿರಲಿಲ್ಲ. ದೋಣಿ ನೀರಿನಿಂದ ಎದ್ದಿತು, ಕಪ್ಪು ಲಂಗದಿಂದ ನೀರು ಸುರಿಯಿತು, ಟೈಲರಮ್ಮ ಲಾಡಿಗೆ ಕೈ ಹಾಕಿದಳು. ಹೆರೆಯಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಅವಳ ಹತ್ತಿರ ಓಡಿ, ಕಿವಿಯ ಬಳಿ ಬಾಗಿ, ಯಾರಿಗೂ ಕೇಳಿಸದಂತೆ ಗುಟ್ಟಾಗಿ ಪಿಸುಗುಟ್ಟಿದ.

ಅವನ ಮಟ್ಟಿಗೆ ಅದು ಪಿಸುಮಾತು. ಹತ್ತಿ ತುರುಕಿದ ಕಿವಿಯವನಿಗೆ ತನ್ನ ದನಿ ಎಷ್ಟೆಂದು ಏನು ಗೊತ್ತು? ಜೆಟ್ಟಿಯ ಆ ತುದಿಯ ಕಾಗೆಗಳು ಹಾರಿಹೋದವು.

"ಬಿಚ್ಚಬೇಡ ಕಣೇ! ಒಳಗೆ ಚಿಪ್ಪಿರುತ್ತೆ! ಡಾಕ್ಟರ ದೋಣೀದು ನಾನೇ ಕದ್ದು ಹೆರೀತಿದ್ದೆ. ಕ್ಷೌರಕ್ಕೆ ಹೋಗ್ತಿರಲಿಲ್ಲ!"

ಹೆಡ್‌ಮಿಸ್ಸು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಟೈಲರಮ್ಮ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಲಾಡಿ ಎಳೆದಳು. ಲಂಗ ಜಾರಿ ಬಿತ್ತು.

ಒಂದು ಚಿಪ್ಪೂ ಇರಲಿಲ್ಲ. ತೋಳು ಬಿಚ್ಚಿದಳು. ಶಾಫ್ಟು ಹೊಸದರಂತಿತ್ತು.

ಹೆರೆಯಣ್ಣ ಪ್ರೊಪೆಲ್ಲರಿನ ಮೂರೂ ಎಲೆಗಳನ್ನು ಕೈಯಿಂದ ಸವರಿ ನೋಡಿದ, ಹಿಂದೆ ಮುಂದೆ ನೋಡಿದ, ಲಂಗದೊಳಗೆ ತಲೆ ತೂರಿಸಿ ನೋಡಿದ. ಹಾಗಾದರೆ ಡಾಕ್ಟರ ದೋಣಿಯಲ್ಲಿ ಬಂದ ಚಿಪ್ಪುಗಳು ಎಲ್ಲಿಂದ ಬಂದವು ಎಂದು ಎಲ್ಲರ ಮುಖ ನೋಡಿದ. ಅರ್ಥವಾದದ್ದು ಡಾಕ್ಟರಿಗೆ. ಅವರು ಜೇಬಿನಿಂದ ಚೀಟಿ ತೆಗೆದು, ಕಿವುಡನಿಗೆ ಕಾಣುವಂತೆ ದಪ್ಪಕ್ಷರದಲ್ಲಿ ಬರೆದರು. ಹಲ್ಲಿನ ತೂತಿಗೆ ನಾನು ಸಿಮೆಂಟು ತುಂಬಿ ಕಳಿಸುತ್ತೇನೆ, ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ರೋಗಿ ವಾರಕ್ಕೊಮ್ಮೆ ಅದನ್ನು ಕಿತ್ತು ನೋಡಿದರೆ ಹಲ್ಲು ಉಳಿಯುತ್ತದೆಯೇ, ಎಂದು. ಮುಚ್ಚಿದ ಲಂಗದೊಳಗೆ ನೀರು ಹಳಸಿ, ಗಾಳಿ ಇಲ್ಲದೆ, ಒಳಗಿದ್ದ ಮರಿ ಸಾಯುತ್ತದೆ. ಹೆರೆಯಣ್ಣ ಪ್ರತಿ ಸಲ ಲಾಡಿ ಸಡಿಲಿಸಿದಾಗಲೂ ಹೊಸ ನೀರು, ಹೊಸ ಮರಿಗಳು, ಅವಕ್ಕೆ ಬೇಕಾದ ಊಟ, ಎಲ್ಲವನ್ನೂ ಒಳಗೆ ಬಿಟ್ಟು, ಬಾಗಿಲು ಹಾಕಿ ಬರುತ್ತಿದ್ದ. ತಾನೇ ಕರೆದು ತಂದ ನೆಂಟರನ್ನು ತಾನೇ ಹೆರೆದು ತೆಗೆದು, ಹೆಂಡತಿಯ ಮಾನ ಕಾಪಾಡಿದೆ ಎಂದು ಬೀಗಿದ್ದ.

ಆ ವಾರ ಉಳಿದ ಆರು ದೋಣಿಗಳೂ ಮೇಲೆ ಬಂದವು. ನಾಲ್ಕು ಥಳಥಳ. ಎರಡಕ್ಕೆ ಚಿಪ್ಪು ಮುತ್ತಿತ್ತು. ಯಾವ ಎರಡು ಎಂದು ಯಾರೂ ಕೇಳಲಿಲ್ಲ. ಮೇಸ್ತ್ರಿ ಮಾತ್ರ ಬಂದು, ಅಣ್ಣಾ, ನಮ್ಮನೆ ಹಿತ್ತಲಲ್ಲಿ ಒಂದು ಗಿಡ ನೆಟ್ಟಿದ್ದೇನೆ, ಬೇರು ಬಿಟ್ಟಿದೆಯಾ ಅಂತ ಸ್ವಲ್ಪ ಕಿತ್ತು ನೋಡಿ ಹೇಳು ಎಂದು ಕೈಸನ್ನೆಯಲ್ಲಿ ವಿವರಿಸಿದ. ಹೆರೆಯಣ್ಣ ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ.

ನಾಚಿಕೆ ಒಂದು ಕಡೆಗಿರಲಿ. ಮೂವತ್ತೊಂದು ವರ್ಷ ತಾನಿಲ್ಲದೆ ನಡೆಯದು ಅಂದುಕೊಂಡಿದ್ದ ಕೆಲಸ ತಾನು ಕೈ ಹಾಕದಿದ್ದರೇ ಚೆನ್ನಾಗಿ ನಡೆಯುತ್ತದೆ ಎಂದು ತಿಳಿದಾಗ ಅವನಿಗೆ ನಿಜವಾಗಿ ದುಃಖವಾಯಿತು. ಚಪ್ಪಟೆ ಉಳಿಯನ್ನು ಒರೆಸಿ ಬೀರುವಿನ ಮೇಲಿಟ್ಟ. ಹೆಂಡತಿ ಅದನ್ನು ನೋಡಿದಳು. ಮರುದಿನ ಬೆಳಿಗ್ಗೆ ಅವನ ಕುತ್ತಿಗೆಗೆ ತನ್ನ ಅಳತೆ ಟೇಪು ಹಾಕಿ, ಕೈಗೆ ಪುಸ್ತಕ ಕೊಟ್ಟು, ಯಾರ್ಡಿನ ಕಡೆ ಬೆರಳು ತೋರಿಸಿದಳು. ಪ್ರೊಪೆಲ್ಲರುಗಳ ಮೈಯ ಉಬ್ಬುತಗ್ಗು ಅವನಷ್ಟು ಬಲ್ಲವರು ಯಾರಿದ್ದಾರೆ? ಅಂದಿನಿಂದ ಅಳತೆ ಅವನದು, ಹೊಲಿಗೆ ಅವಳದು, ಕ್ರೇನಿನ ಕೆಳಗೆ ನಿಂತು ತೊಡಿಸುವುದು ಇಬ್ಬರದೂ. ಆದರೆ ಕದ್ದು ಹೆರೆದ ವಿಷಯದಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಆಡಲಿಲ್ಲವೋ, ಆಡಿದ್ದು ತನಗೆ ಕೇಳಿಸಲಿಲ್ಲವೋ ಎಂಬುದೇ ಅವನನ್ನು ಕೊರೆಯಿತು. ಕೋಪವೋ ಏನೋ, ಮುಖ ನೋಡಿ ಹೇಳುವಂತಿರಲಿಲ್ಲ.

ಮುಂದಿನ ಭೇಟಿಯಲ್ಲಿ ಕಿವಿಯ ಡಾಕ್ಟರು ಹತ್ತಿ ತೆಗೆದು, ದೀಪ ಹಿಡಿದು ನೋಡಿ, ತೂತು ಮುಚ್ಚಿದೆ, ನಿಧಾನವಾಗಿ ಕೇಳಿಸೀತು, ಅವಸರ ಬೇಡ ಎಂದು ಬರೆದುಕೊಟ್ಟರು. ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಮಧ್ಯಾಹ್ನ ಹೆರೆಯಣ್ಣ ಒಳಗಿನ ಕೋಣೆಯಲ್ಲಿ ಕೂತು ಅಳತೆಗಳನ್ನು ಶುದ್ಧವಾಗಿ ಬರೆಯುತ್ತಿದ್ದಾಗ ಟಕಟಕ ಎಂದು ಏನೋ ಬಡಿದಂತಾಯಿತು. ಮಿಷನ್ನು. ಅವನು ಪೆನ್ನು ಕೆಳಗಿಟ್ಟ. ಮಿಷನ್ನು ನಿಂತಿತು, ನೂಲು ಕಡಿದ ಸದ್ದೂ ಕೇಳಿಸಿತು. ಆಮೇಲೆ, ಅವನ ಕಡೆ ಬೆನ್ನು ಹಾಕಿ ಕೂತ ಹೆಂಡತಿ ಮಡಿಲಲ್ಲಿದ್ದ ರಬ್ಬರು ಬಟ್ಟೆಗೆ ಹೇಳುವಂತೆ ಮೆಲ್ಲಗೆ ಮಾತಾಡುವುದು ಕೇಳಿಸಿತು.

"ಹನ್ನೊಂದು ಸಲ. ನನ್ನ ಲಂಗ ಸೋಲಬಾರದು ಅಂತ ಇರೋ ಒಂದು ಕಿವೀನೂ ಕಳ್ಕೊಳ್ಳೋಕೆ ಹೊರಟಿದ್ದ. ಪೆದ್ದ. ಎಷ್ಟು ಹುಡುಕಿದ್ರೂ ಇಂಥ ಪೆದ್ದ ಇನ್ನೊಬ್ಬ ಸಿಗಲ್ಲ ನಂಗೆ."

ಇಷ್ಟು ವರ್ಷ 'ನೀವು' ಎಂದವಳು ಬೆನ್ನ ಹಿಂದೆ ತನ್ನನ್ನು ಹೀಗೆ ಏಕವಚನದಲ್ಲಿ ಮುದ್ದಿಸುತ್ತಿದ್ದಳು ಎಂಬುದು ಹೆರೆಯಣ್ಣನಿಗೆ ಅಂದೇ ಗೊತ್ತಾದದ್ದು. ಅಷ್ಟರಲ್ಲಿ ಅವಳು ತಿರುಗಿ, ಊಟಕ್ಕೆ ಬನ್ನಿ ಎಂದು ಕೈಸನ್ನೆ ಮಾಡಿದಳು.

"ಆಂ?" ಎಂದ ಹೆರೆಯಣ್ಣ, ಎಡಗಿವಿಗೆ ಕೈ ಅಡ್ಡ ಹಿಡಿದು.

ಕಿವಿ ಬಂದ ಸುದ್ದಿಯನ್ನು ಅವನು ಇನ್ನೂ ಎಂಟು ದಿನ ಯಾರಿಗೂ ಹೇಳಲಿಲ್ಲ.